ಜರ್ಮನಿಯಲ್ಲಿ ಪರದೇಶೀಯರ ಪ್ರವೇಶವೂ ವಾಸಾನುಮತಿಯೂ

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವು ಬರುತ್ತದೆ. ಒಂದು ಮಾಷಕವನ್ನು ತೆಗೆದುಕೊಂಡು ಮುದ್ರೆಯನ್ನು ಕೊಡುವುದು ಅವನ ಕೆಲಸ. ಮುದ್ರೆಯುಳ್ಳವನು ಜನಪದವನ್ನು ಹೊಗಬಹುದು, ಬಿಡಬಹುದು; ಮುದ್ರೆಯಿಲ್ಲದೆ ಸಿಕ್ಕಿಬಿದ್ದ ಸ್ವದೇಶೀಯನಿಗೆ ಹನ್ನೆರಡು ಪಣಗಳ ದಂಡ. ಕೂಟಮುದ್ರೆಯನ್ನು ಹಿಡಿದು ಬಂದವನು ಸ್ವದೇಶೀಯನಾದರೆ ಪ್ರಥಮ ಸಾಹಸದಂಡ. ಪರದೇಶೀಯನಾದರೆ ಉತ್ತಮ ಸಾಹಸದಂಡ. ಒಂದೇ ಅಪರಾಧಕ್ಕೆ ಹೊರಗಿನವನಿಗೆ ಹೆಚ್ಚಿನ ಶಿಕ್ಷೆಯನ್ನು ವಿಧಿಸಿರುವ ಈ ಒಂದು ಸಂಗತಿಯಲ್ಲಿಯೇ ರಾಜ್ಯವು ಪರಕೀಯನನ್ನು ನೋಡುವ ದೃಷ್ಟಿಯು ಸ್ಪಷ್ಟವಾಗಿ ವ್ಯಕ್ತವಾಗುತ್ತದೆ. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಈ ಗ್ರಂಥವನ್ನು ಮೊದಲು ಪ್ರಕಟಿಸಿದಾಗ, ಯೂರೋಪು ಖಂಡದ ಬಹುಭಾಗದಲ್ಲಿ ಪ್ರಯಾಣಿಕನು ಇಂತಹ ಮುದ್ರೆಯೇ ಇಲ್ಲದೆ ಸಂಚರಿಸಬಹುದಾಗಿತ್ತೆಂಬುದು ಇಂದಿನವರಿಗೆ ಆಶ್ಚರ್ಯವಾಗಿ ತೋರಬಹುದು. ಅದಾಗಿ ಐದು ವರ್ಷಗಳಲ್ಲಿ ಆ ಸ್ಥಿತಿಯು ಮುಗಿದುಹೋಯಿತು. ಪರದೇಶೀಯನ ಪ್ರವೇಶ ಮತ್ತು ವಾಸಗಳನ್ನು ಕುರಿತ ಶಾಸನವು ಹೇಗೆ ಬೆಳೆದು, ಈಗ ಯಾವ ರೂಪದಲ್ಲಿ ನಿಂತಿದೆಯೆಂಬುದನ್ನು ಜರ್ಮನಿಯ ನಿದರ್ಶನದಿಂದ ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದಗಳ ವಿಚಾರ. ವೀಸಾ ಎಂಬುದು ಲ್ಯಾಟಿನ್ ಮೂಲದ ಪದ. ‘ನೋಡಲ್ಪಟ್ಟುದು’ ಎಂದು ಅದರ ಅರ್ಥ. ಅಧಿಕಾರಿಯು ಪತ್ರವನ್ನು ನೋಡಿದನೆಂಬುದಕ್ಕೆ ಗುರುತು, ಅಷ್ಟೆ. ನಮ್ಮಲ್ಲಿ ಹಿಂದೆ ಪ್ರಚಾರದಲ್ಲಿದ್ದ ರಹದಾರಿ ಎಂಬ ಪಾರಸಿ ಮೂಲದ ಪದವಾದರೋ ದಾರಿಗೆ ಸಂಬಂಧಪಟ್ಟುದು. ಈ ಎರಡರಲ್ಲಿಯೂ ವಾಸದ ಅರ್ಥವಿಲ್ಲವೆಂಬುದು ಗಮನಾರ್ಹ. ವಾಸಕ್ಕೆ ಜರ್ಮನ್ ಶಾಸನವು ಬಳಸುವ ಪದ ‘ಔಫೆಂಟ್‌ಹಾಲ್ಟ್’. ರೈಲುಗಾಡಿಯು ನಡುದಾರಿಯಲ್ಲಿ ತಂಗುವುದಕ್ಕೂ ಇದೇ ಮಾತು ಸಲ್ಲುತ್ತದೆ. ಸ್ಥಿರವಾಗಿ ನೆಲೆಯೂರುವುದಕ್ಕೆ ‘ನೀಡರ್‌ಲಾಸುಂಗ್’ ಎಂಬ ಬೇರೆಯ ಮಾತಿದೆ. ಕುಳಿತುಕೊಳ್ಳುವುದು, ಇಳಿದು ನಿಲ್ಲುವುದು ಎಂಬ ಧ್ವನಿ ಅದರದು. ತಂಗುವುದು ಬೇರೆ, ನೆಲೆಸುವುದು ಬೇರೆ. ಜರ್ಮನಿಯ ವಾಸಶಾಸನದ ಬಹುಪಾಲು ಈ ಎರಡು ಪದಗಳ ನಡುವಣ ಅಂತರದಲ್ಲಿಯೇ ಅಡಗಿದೆಯೆಂದು ಹೇಳಿದರೆ ತಪ್ಪಾಗಲಾರದು.

1867ರ ಅಕ್ಟೋಬರಿನಲ್ಲಿ ಉತ್ತರ ಜರ್ಮನ್ ಒಕ್ಕೂಟವು ಒಂದು ಶಾಸನವನ್ನು ಮಾಡಿ, ಸ್ವದೇಶೀಯರಿಗೂ ಪರದೇಶೀಯರಿಗೂ ರಹದಾರಿಯ ನಿರ್ಬಂಧವನ್ನು ತೆಗೆದುಹಾಕಿತು. ಇದರಿಂದ ಪರದೇಶೀಯನು ನಿರ್ಭಯನಾದನೆಂದು ಭಾವಿಸಬಾರದು. ಬರುವುದಕ್ಕೆ ಅಡ್ಡಿಯಿರಲಿಲ್ಲ, ಆದರೆ ಹೊರದೂಡುವುದಕ್ಕೂ ಅಡ್ಡಿಯಿರಲಿಲ್ಲ. 1885ರಿಂದ ಮುಂದಕ್ಕೆ ಪ್ರಷ್ಯಾ ಸರ್ಕಾರವು ತನ್ನ ಪ್ರಜೆಗಳಲ್ಲದ ಪೋಲಿಷ್ ಜನರನ್ನು ಸುಮಾರು ಮೂವತ್ತು ಸಾವಿರದಷ್ಟು ಸಂಖ್ಯೆಯಲ್ಲಿ ಗಡಿಯಾಚೆಗೆ ಅಟ್ಟಿತು. ಅವರಲ್ಲಿ ತಲೆಮಾರುಗಳಿಂದ ಅಲ್ಲಿ ನೆಲಸಿದ್ದವರೂ ಇದ್ದರು. 1914ರ ಜುಲೈ 31ರಂದು, ಯುದ್ಧದ ಹೊಸ್ತಿಲಿನಲ್ಲಿ, ರಹದಾರಿಯ ನಿರ್ಬಂಧವನ್ನು ‘ತಾತ್ಕಾಲಿಕವಾಗಿ’ ಮತ್ತೆ ಜಾರಿಗೆ ತರಲಾಯಿತು. ಯುದ್ಧವು ಮುಗಿಯಿತು, ನಿರ್ಬಂಧವು ಉಳಿಯಿತು. ಆಡಳಿತದಲ್ಲಿ ತಾತ್ಕಾಲಿಕವೆಂಬ ವಿಶೇಷಣಕ್ಕೆ ಇರುವ ಆಯುಷ್ಯವನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ.

ಇದರ ಮರುಮುಖವನ್ನು ಕನ್ನಡ ವಿದ್ವಾಂಸರು ತಮ್ಮ ನೆಲದಲ್ಲಿಯೇ ಕಾಣಬಹುದು. ಈಸ್ಟ್ ಇಂಡಿಯಾ ಕಂಪೆನಿಯ ಪ್ರದೇಶದಲ್ಲಿ ನೆಲಸಬೇಕಾದ ಯೂರೋಪಿಯನ್ನನಿಗೆ ಒಂದು ಕಾಲದಲ್ಲಿ ಕಂಪೆನಿಯ ಪರವಾನಗಿ ಬೇಕಾಗಿತ್ತು. 1833ರ ಸನದು ಶಾಸನವು ಈ ಕಟ್ಟನ್ನು ಸಡಿಲಿಸಿದ ಮೇಲೆಯೇ, 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಶ್ಚಿಮ ಕರಾವಳಿಯಲ್ಲಿ ಇಳಿದು ಮಂಗಳೂರಿನಲ್ಲಿ ನಿಲ್ಲುವುದು ಸಾಧ್ಯವಾಯಿತು. ಅವರ ತರುವಾಯ 1853ರಲ್ಲಿ ಬಂದವನು ಕಿಟ್ಟೆಲ್. 1894ರಲ್ಲಿ ಅವನ ನಿಘಂಟು ಅಚ್ಚಾಯಿತು. 1914ರ ಯುದ್ಧವು ಬಂದೊಡನೆ ಅದೇ ಮಿಷನ್ನಿನ ಜರ್ಮನ್ ಪ್ರಜೆಗಳು ‘ಶತ್ರುದೇಶೀಯ’ರೆನಿಸಿ ಸೆರೆಗೂ ಗಡೀಪಾರಿಗೂ ಗುರಿಯಾದರು. ವಾಸಾನುಮತಿಯ ಒಂದು ವಾಕ್ಯದ ಮೇಲೆ ಎಷ್ಟು ವಿದ್ಯಾಕಾರ್ಯವು ನಿಂತಿರುತ್ತದೆಯೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆಯು ದೊರೆಯಲಾರದು.

1938ರ ಆಗಸ್ಟ್ 22ರಂದು ನಾಟ್ಸಿ ಸರ್ಕಾರವು ಪರದೇಶೀಯರ ಮೇಲಣ ಪೋಲೀಸು ನಿಯಮಾವಳಿಯನ್ನು ಹೊರಡಿಸಿತು. ತನಗೆ ದೊರೆತ ಆತಿಥ್ಯಕ್ಕೆ ಯಾರು ಯೋಗ್ಯರೆಂದು ಅವರ ವ್ಯಕ್ತಿತ್ವದಿಂದಲೂ ವಾಸದ ಉದ್ದೇಶದಿಂದಲೂ ನಂಬಬಹುದೋ ಅಂತಹವರಿಗೆ ಮಾತ್ರ ವಾಸವು ಸಲ್ಲುವುದೆಂಬುದು ಅದರ ಮೂಲಸೂತ್ರ. ಆತಿಥ್ಯವೆಂಬುದು ಎಷ್ಟು ಸೊಗಸಾದ ಮಾತು! ಆದರೆ ಅತಿಥಿಗೆ ಹಕ್ಕಿಲ್ಲ. ಯೋಗ್ಯತೆಯನ್ನು ಅಳೆಯುವವನು ಆತಿಥೇಯನೇ, ಅಳತೆಗೋಲೂ ಅವನದೇ. ಅದೇ ವರ್ಷದ ಅಕ್ಟೋಬರಿನಲ್ಲಿ ಯೆಹೂದ್ಯರ ರಹದಾರಿಗಳಿಗೆ ಕೆಂಪು ‘ಯೋಟ್’ ಅಕ್ಷರವನ್ನು ಒತ್ತಲಾಯಿತು. ನಿರಾಶ್ರಿತರನ್ನು ತಡೆಯಬೇಕೆಂದು ಬಯಸಿದ ಸ್ವಿಟ್ಜರ್ಲೆಂಡಿನೊಡನೆ ನಡೆದ ಮಾತುಕತೆಯು ಇದರ ಹಿನ್ನೆಲೆ. 1941ರ ನವೆಂಬರಿನ ಆಜ್ಞೆಯೊಂದರಿಂದ, ದೇಶದ ಹೊರಗೆ ವಾಸಿಸುತ್ತಿದ್ದ ಜರ್ಮನ್ ಯೆಹೂದ್ಯರು ಪ್ರಜಾತ್ವವನ್ನೇ ಕಳೆದುಕೊಂಡರು. ಇದೆಲ್ಲಕ್ಕಿಂತ ವಿಚಿತ್ರವಾದುದು, ಆ 1938ರ ನಿಯಮಾವಳಿಯು ಯುದ್ಧಾನಂತರ ಪಶ್ಚಿಮ ಜರ್ಮನಿಯಲ್ಲಿ 1965ರ ವರೆಗೂ ಆಧಾರಭೂತವಾಗಿ ಉಳಿದುದು. 1965ರ ಶಾಸನವು ಆತಿಥ್ಯದ ಭಾಷೆಯನ್ನು ಕೈಬಿಟ್ಟು, ಪರದೇಶೀಯನ ಇರವಿನಿಂದ ದೇಶದ ಹಿತಕ್ಕೆ ಧಕ್ಕೆಯಿಲ್ಲದಿದ್ದರೆ ಅನುಮತಿಯನ್ನು ಕೊಡಬಹುದೆಂದಿತು. ಕೊಡಬೇಕೆಂದಲ್ಲ, ಕೊಡಬಹುದೆಂದು.

ಆ ವೇಳೆಗೆ ಕಾರ್ಖಾನೆಗಳು ಕೂಲಿಗಾರರನ್ನು ಕರೆಯತೊಡಗಿದ್ದುವು. 1955ರಲ್ಲಿ ಇಟಲಿಯೊಡನೆಯೂ 1961ರಲ್ಲಿ ತುರ್ಕಿಯೊಡನೆಯೂ ಒಪ್ಪಂದಗಳಾದುವು. ತುರ್ಕಿಯವರಿಗೆ ಮೊದಲು ಎರಡೇ ವರ್ಷಗಳ ಮಿತಿಯನ್ನು ಹಾಕಲಾಗಿತ್ತು. ಒಬ್ಬನು ಹೋಗಿ ಇನ್ನೊಬ್ಬನು ಬರಬೇಕೆಂಬುದು ಎಣಿಕೆ. ಕೆಲಸ ಕಲಿತವನನ್ನು ಕಳುಹಿಸಿ ಕಲಿಯದವನನ್ನು ಕರೆಯುವುದು ಕಾರ್ಖಾನೆಯವರಿಗೇ ಒಗ್ಗದೆ, 1964ರಲ್ಲಿ ಆ ಮಿತಿಯು ಬಿದ್ದುಹೋಯಿತು. 1973ರ ನವೆಂಬರಿನಲ್ಲಿ ನೇಮಕವು ನಿಂತಿತು. ಆಗ ಊರಿಗೆ ಹೋದರೆ ಮರಳಿ ಬರಲಾಗದೆಂದು ತಿಳಿದ ಅನೇಕರು ಹೋಗುವ ಬದಲು ಹೆಂಡಿರು ಮಕ್ಕಳನ್ನೇ ಕರೆಸಿಕೊಂಡರು. ಬಾಗಿಲನ್ನು ಮುಚ್ಚಿದುದರಿಂದಲೇ ಒಳಗಿದ್ದವರು ನೆಲಸಿದರೆಂಬುದು ಶಾಸನಕರ್ತರು ಎಣಿಸದಿದ್ದ ಫಲ.

ಈಗ ನಡೆಯುತ್ತಿರುವುದು 2005ರ ಜನವರಿ 1ರಿಂದ ಜಾರಿಗೆ ಬಂದು ಅನೇಕಾವರ್ತಿ ತಿದ್ದುಪಡಿಯಾದ ವಾಸಶಾಸನ. ಯೂರೋಪು ಒಕ್ಕೂಟದ ಪ್ರಜೆಗಳಿಗೆ ಇದರ ಗೊಡವೆಯು ಬಹುಮಟ್ಟಿಗೆ ಇಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನ, ಜಪಾನ್, ಆಸ್ಟ್ರೇಲಿಯ ಮುಂತಾದ ಕೆಲವು ದೇಶಗಳವರು ವೀಸಾ ಇಲ್ಲದೆ ಬಂದಿಳಿದು ಅಲ್ಲಿಯೇ ವಾಸಾನುಮತಿಯನ್ನು ಕೇಳಬಹುದು. ಭಾರತೀಯನಾದರೋ ಹೊರಡುವ ಮುನ್ನವೇ ವೀಸಾ ಪಡೆಯಬೇಕು. 180 ದಿನಗಳಲ್ಲಿ 90 ದಿನಗಳನ್ನು ಮೀರದ ಸಂದರ್ಶನಕ್ಕೆ ಷೆಂಗೆನ್ ವೀಸಾ; ಅದಕ್ಕೆ ಮೀರಿದ ವಾಸಕ್ಕೆ ‘ಡಿ’ ವರ್ಗದ ರಾಷ್ಟ್ರೀಯ ವೀಸಾ. ಬೆಂಗಳೂರಿನಲ್ಲಿಯೂ ಜರ್ಮನಿಯ ಕಾನ್ಸಲೇಟು ಇರುವುದರಿಂದ ಕರ್ನಾಟಕದವರು ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಇಲ್ಲಿ ಮುಖ್ಯವಾಗಿ ತಿಳಿಯಬೇಕಾದುದೆಂದರೆ ಉದ್ದೇಶವೇ ಅನುಮತಿಯ ಪ್ರಾಣ. ವ್ಯಾಸಂಗ, ಉದ್ಯೋಗ, ಕುಟುಂಬ, ಹೀಗೆ ಒಂದೊಂದು ಉದ್ದೇಶಕ್ಕೂ ಬೇರೆ ಬೇರೆ ಸೂತ್ರ. ಪ್ರವಾಸಿಯಾಗಿ ಬಂದವನು ಅಲ್ಲಿಯೇ ಮನಸ್ಸು ಬದಲಾಯಿಸಿ ವಿದ್ಯಾರ್ಥಿಯಾಗುತ್ತೇನೆಂದರೆ ಸಾಮಾನ್ಯವಾಗಿ ಸಲ್ಲದು. ಹಿಂದಿರುಗಿ ಸರಿಯಾದ ವೀಸಾದೊಡನೆ ಬರಬೇಕು.

ಎಲ್ಲ ಉದ್ದೇಶಗಳಿಗೂ ಸಾಮಾನ್ಯವಾದ ನಿಬಂಧನೆಗಳು ಕೆಲವಿವೆ: ವ್ಯಕ್ತಿಯ ಗುರುತು ನಿಶ್ಚಿತವಾಗಿರಬೇಕು, ರಹದಾರಿಯಿರಬೇಕು, ಜೀವನೋಪಾಯವು ಭದ್ರವಾಗಿರಬೇಕು. ಕೊನೆಯದೇ ಎಲ್ಲಕ್ಕಿಂತ ಭಾರವಾದುದು. ವಿದ್ಯಾರ್ಥಿಯು ಸಾಮಾನ್ಯವಾಗಿ ಒಂದು ವರ್ಷದ ವೆಚ್ಚವನ್ನು ಮೊದಲೇ ಒಂದು ಪ್ರತಿಬಂಧಿತ ಖಾತೆಯಲ್ಲಿ ಇಡುತ್ತಾನೆ. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು 11,904 ಯೂರೋಗಳಿಗೆ ಏರಿಸಲಾಯಿತು. ತಿಂಗಳಿಗೆ 992 ಯೂರೋಗಳಿಗಿಂತ ಹೆಚ್ಚಾಗಿ ಅದರಿಂದ ಹೊರಗೆ ಬಾರದು. ಹಣವು ಅವನದೇ, ಆದರೆ ಅವನ ಕೈಗೆ ಸಿಕ್ಕದು. ಸಾಧಾರಣ ಸಂಸಾರದ ಹುಡುಗನಿಗೆ ಈ ಮೊತ್ತವೇ ಪ್ರವೇಶಪರೀಕ್ಷೆಗಿಂತ ಕಠಿನವಾದ ಪರೀಕ್ಷೆ. ಇದರ ಮೇಲೆ ಭಾರತೀಯ ವಿದ್ಯಾರ್ಥಿಗಳು 2022ರ ನವೆಂಬರಿನಿಂದ ತಮ್ಮ ಪದವಿಪತ್ರಗಳನ್ನು ದೆಹಲಿಯ ಪರೀಕ್ಷಣ ಕಚೇರಿಯಲ್ಲಿ ತೋರಿಸಿ ಪ್ರಮಾಣಪತ್ರವನ್ನು ಪಡೆಯಬೇಕಾಯಿತು.

ಉದ್ಯೋಗಾರ್ಥಿಗೆ ಪದವಿಯ ಅಥವಾ ಕಸಬಿನ ಶಿಕ್ಷಣದ ಮಾನ್ಯತೆ ಬೇಕು. ಹೆಚ್ಚಿನ ಸಂಬಳದ ಪದವೀಧರರಿಗೆ 2012ರಿಂದ ‘ನೀಲಿ ಪತ್ರ’ವೆಂಬುದುಂಟು, ಅದಕ್ಕೆ ಬೇಕಾದ ಸಂಬಳದ ಮಿತಿಯು ವರ್ಷವರ್ಷಕ್ಕೂ ಬದಲಾಗುತ್ತದೆ, 2025ರಲ್ಲಿ ಅದು ಸಾಮಾನ್ಯವಾಗಿ 48,300 ಯೂರೋಗಳಾಗಿತ್ತು. 2024ರ ಜೂನ್ 1ರಿಂದ ಅಂಕಗಳ ಆಧಾರದ ಮೇಲೆ, ಕೆಲಸವು ಕೈಯಲ್ಲಿಲ್ಲದೆಯೂ ಒಂದು ವರ್ಷದ ವರೆಗೆ ಇದ್ದು ಕೆಲಸವನ್ನು ಹುಡುಕುವ ಅವಕಾಶವೂ ಒದಗಿದೆ. ಭಾರತದೊಡನೆ 2022ರ ಡಿಸೆಂಬರಿನಲ್ಲಿ ವಲಸೆಯ ಒಪ್ಪಂದವಾಯಿತು. 2024ರಲ್ಲಿ ಭಾರತೀಯ ಕುಶಲಕರ್ಮಿಗಳ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಆ ಸರ್ಕಾರವು ಸಾರಿತು. 1973ರಲ್ಲಿ ಮುಚ್ಚಿದ ಬಾಗಿಲಿಗೂ ಇದಕ್ಕೂ ಇರುವ ಅಂತರವನ್ನು ವಾಚಕರೇ ಗ್ರಹಿಸಬಹುದು.

ಊರನ್ನು ಸೇರಿದವನು ಮನೆ ಹೊಕ್ಕ ಎರಡು ವಾರಗಳೊಳಗೆ ಪುರಕಚೇರಿಯಲ್ಲಿ ತನ್ನ ವಿಳಾಸವನ್ನು ಬರೆಯಿಸಬೇಕು. ಇದು ಪರದೇಶೀಯನಿಗೆ ಮಾತ್ರವಲ್ಲ, ಜರ್ಮನನಿಗೂ ಉಂಟು. 2015ರ ನವೆಂಬರಿನಿಂದ ಮನೆಯ ಒಡೆಯನೂ ಬಾಡಿಗೆದಾರನು ಬಂದನೆಂದು ಬರೆದುಕೊಡಬೇಕು. ಕೌಟಿಲ್ಯನ ನಾಗರಿಕ ಪ್ರಕರಣವನ್ನು ಓದಿದವರಿಗೆ ಇದು ಪರಿಚಿತವಾಗಿ ಕಾಣದಿರದು. ಬಂದವರನ್ನೂ ಹೋದವರನ್ನೂ ಮನೆಯೊಡೆಯನು ನಿವೇದಿಸಬೇಕು. ತಪ್ಪಿದರೆ ಆ ರಾತ್ರಿ ನಡೆದ ಅಪರಾಧಕ್ಕೆ ಅವನೂ ಭಾಗಿ. ಏನೂ ನಡೆಯದ ರಾತ್ರಿಯಾದರೆ ಮೂರು ಪಣಗಳ ದಂಡ ಎಂದು ಅಲ್ಲಿ ವಿಧಿಸಿದೆ. ವ್ಯವಹಾರದಲ್ಲಿ ಈ ವಿಳಾಸಪತ್ರವಿಲ್ಲದೆ ಮುಂದಿನ ಕಾರ್ಯಗಳು ಸಾಗವು. ಬಾಡಿಗೆಯ ಮನೆಯು ಸಿಕ್ಕದವನಿಗೆ ಇದೇ ಮೊದಲನೆಯ ಸಂಕಟ.

ಆ ಮೇಲೆ ಪರದೇಶೀಯರ ಕಚೇರಿ. ವೀಸಾ ಕೊಡುವುದು ವಿದೇಶಾಂಗ ಇಲಾಖೆಯಾದರೂ, ವಾಸಾನುಮತಿಯನ್ನು ಕೊಡುವುದು ಆಯಾ ಊರಿನ ಅಥವಾ ಜಿಲ್ಲೆಯ ಕಚೇರಿ. ಶಾಸನವು ಒಂದೇ, ಕೈಗಳು ನೂರಾರು. ಆದಕಾರಣ ಒಂದೂರಿನಲ್ಲಿ ವಾರಗಳಲ್ಲಿ ಮುಗಿಯುವ ಕೆಲಸವು ಇನ್ನೊಂದೂರಿನಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಅಷ್ಟರಲ್ಲಿ ವೀಸಾದ ಅವಧಿಯು ತೀರಿದರೆ ಗತಿಯೇನು? ಇದಕ್ಕೆ ಶಾಸನವು ಕಂಡುಕೊಂಡ ಉಪಾಯವು ಸಾಹಿತ್ಯಾಭ್ಯಾಸಿಗಳಿಗೆ ರುಚಿಸತಕ್ಕದ್ದು. ಅವಧಿ ತೀರುವ ಮುನ್ನ ಅರ್ಜಿಯನ್ನು ಸಲ್ಲಿಸಿದ್ದರೆ, ತೀರ್ಮಾನವಾಗುವ ವರೆಗೆ ಹಳೆಯ ಅನುಮತಿಯೇ ಮುಂದುವರಿದಿದೆಯೆಂದು ಭಾವಿಸತಕ್ಕದ್ದು. ಹಾಗೆ ಭಾವಿಸಿದುದಕ್ಕೆ ಕೊಡುವ ಪತ್ರದ ಹೆಸರು ‘ಫಿಕ್‌ಟ್ಸಿಯೋನ್ಸ್‌ಬೆಶೈನಿಗುಂಗ್’, ಎಂದರೆ ಕಲ್ಪನೆಯ ಪ್ರಮಾಣಪತ್ರ. ಆದೇಶವನ್ನು ಸ್ಥಾನಿಯಂತೆಯೇ ಕಾಣಬೇಕೆಂಬ ವೈಯಾಕರಣರ ಸ್ಥಾನಿವದ್ಭಾವವನ್ನು ಇದು ನೆನಪಿಗೆ ತರುತ್ತದೆ. ಭೇದವೆಂದರೆ, ವ್ಯಾಕರಣದಲ್ಲಿ ಕಲ್ಪನೆಯ ಭಾರವನ್ನು ಹೊರುವುದು ಅಕ್ಷರ. ಇಲ್ಲಿ ಹೊರುವವನು ಮನುಷ್ಯ. ಈ ಪತ್ರವನ್ನು ಕಂಡರಿಯದ ಬಾಡಿಗೆಯ ಮನೆಯವನಿಗೂ ಧಣಿಗೂ ತನ್ನ ವಾಸವು ಕಲ್ಪನೆಯಾದರೂ ನ್ಯಾಯವಾದುದೆಂದು ಅವನು ವಿವರಿಸುತ್ತಿರಬೇಕು.

ಇದಕ್ಕೂ ಕೆಳಗಿನ ಮೆಟ್ಟಿಲು ‘ಡುಲ್ಡುಂಗ್’. ಸಹನೆಯೆಂದು ಇದರ ಅರ್ಥ. ದೇಶವನ್ನು ಬಿಡಬೇಕಾದವನನ್ನು, ರಹದಾರಿಯಿಲ್ಲವೆಂದೋ ಕಾಯಿಲೆಯೆಂದೋ ಕಳುಹಿಸಲಾಗದಿದ್ದಾಗ, ಕಳುಹಿಸುವುದನ್ನು ತಡೆದಿರುವುದಾಗಿ ಕೊಡುವ ಪತ್ರವಿದು. ಇದು ವಾಸಾನುಮತಿಯಲ್ಲ, ಹೊರಡುವ ಬಾಧ್ಯತೆಯು ಹಾಗೆಯೇ ಇರುತ್ತದೆ. ತಿಂಗಳುಗಳ ಲೆಕ್ಕದಲ್ಲಿ ಕೊಟ್ಟ ಸಹನೆಯು ಕೊಂಡಿಗೆ ಕೊಂಡಿ ಸೇರಿ ವರ್ಷಗಳಾಗಿ ಬೆಳೆದು, ಮಕ್ಕಳು ಹುಟ್ಟಿ ಶಾಲೆಗೆ ಹೋಗುವಷ್ಟು ಕಾಲವು ಕಳೆದುದುಂಟು. 2022ರ ಅಂತ್ಯದಲ್ಲಿ ಬಂದ ಶಾಸನವೊಂದು, ಆ ವರ್ಷದ ಅಕ್ಟೋಬರ್ 31ಕ್ಕೆ ಐದು ವರ್ಷಗಳ ವಾಸವನ್ನು ಮುಗಿಸಿದ್ದ ಇಂತಹವರಿಗೆ ಹದಿನೆಂಟು ತಿಂಗಳ ಅನುಮತಿಯನ್ನಿತ್ತು, ಅಷ್ಟರಲ್ಲಿ ಭಾಷೆಯನ್ನೂ ಜೀವನೋಪಾಯವನ್ನೂ ತೋರಿಸಿ ಮುಂದಕ್ಕೆ ದಾಟಲು ಎಡೆಗೊಟ್ಟಿತು. ಉಳಿದವರ ಪಾಲಿಗೆ ಸಹನೆಯೆಂಬ ಮಾತು ಇಂದಿಗೂ ತನ್ನ ನೇರವಾದ ಅರ್ಥದಲ್ಲಿಯೇ ನಿಂತಿದೆ.

ಕುಟುಂಬದ ವಿಷಯದಲ್ಲಿ ಒಂದು ಮಾತು. 2007ರಿಂದ, ಪತಿಯನ್ನು ಅಥವಾ ಪತ್ನಿಯನ್ನು ಸೇರಬಯಸುವವರು ಹೊರಡುವ ಮುನ್ನವೇ ಜರ್ಮನ್ ಭಾಷೆಯ ಆರಂಭದ ಮಟ್ಟವನ್ನು ಕಲಿತಿರಬೇಕು. ನೀಲಿ ಪತ್ರವುಳ್ಳವರ ಸಂಗಾತಿಗಳಿಗೆ ಇದರಿಂದ ವಿನಾಯಿತಿಯಿದೆ. ಭಾಷೆಯು ಬಾಳ್ವೆಗೆ ಅಗತ್ಯವೆಂಬುದೇ ಕಾರಣವಾದರೆ, ಹೆಚ್ಚು ಸಂಬಳದವನ ಹೆಂಡತಿಗೆ ಅದು ಏಕೆ ಅಗತ್ಯವಲ್ಲವೆಂಬ ಪ್ರಶ್ನೆಗೆ ಸಮಾಧಾನಕರವಾದ ಉತ್ತರವು ಶಾಸನದಲ್ಲಿ ಕಾಣದು.

ಐದು ವರ್ಷಗಳ ವಾಸ, 60 ತಿಂಗಳ ನಿವೃತ್ತಿವೇತನದ ವಂತಿಗೆ, ಭಾಷಾಜ್ಞಾನ ಇವುಗಳಾದ ಮೇಲೆ ಸಾಮಾನ್ಯ ಕ್ರಮದಲ್ಲಿ ನೆಲೆಯ ಅನುಮತಿಯು ದೊರೆಯುತ್ತದೆ. ನೀಲಿ ಪತ್ರದವರಿಗೆ 27 ತಿಂಗಳು, ಭಾಷೆಯನ್ನು ಚೆನ್ನಾಗಿ ಕಲಿತಿದ್ದರೆ 21 ತಿಂಗಳು ಸಾಕು. ಇದಕ್ಕೆ ಅವಧಿಯಿಲ್ಲ. ಆದರೂ ಮೊದಲೇ ಕೇಳಿಕೊಳ್ಳದೆ ಆರು ತಿಂಗಳಿಗಿಂತ ಹೆಚ್ಚಾಗಿ ದೇಶದ ಹೊರಗಿದ್ದರೆ ಸಾಮಾನ್ಯವಾಗಿ ವಾಸಾನುಮತಿಯು ಲುಪ್ತವಾಗುತ್ತದೆ. ಊರಿನಲ್ಲಿ ಕಾಯಿಲೆಯಾದ ತಾಯಿಯ ಬಳಿಗೆ ಹೋದ ಮಗನು ಈ ಲೆಕ್ಕವನ್ನು ಮರೆಯುವಂತಿಲ್ಲ.

ಪ್ರಜಾತ್ವಕ್ಕಾದರೆ ಈ ಭಯವಿಲ್ಲ. 1913ರ ಶಾಸನವು ಅದನ್ನು ರಕ್ತಸಂಬಂಧದ ಮೇಲೆ ನಿಲ್ಲಿಸಿತ್ತು. 2000ದಿಂದ ಅಲ್ಲಿ ಹುಟ್ಟಿದ ಪರದೇಶೀಯರ ಮಕ್ಕಳಿಗೂ ಕೆಲವು ನಿಬಂಧನೆಗಳಿಗೆ ಒಳಪಟ್ಟು ಅದು ದೊರೆಯತೊಡಗಿತು. 2024ರ ಜೂನ್ 27ರಿಂದ ಕಾಯುವ ಕಾಲವು ಎಂಟು ವರ್ಷಗಳಿಂದ ಐದಕ್ಕೆ ಇಳಿದು, ಹಳೆಯ ಪ್ರಜಾತ್ವವನ್ನು ಬಿಡಬೇಕೆಂಬ ನಿಬಂಧನೆಯೂ ಹೋಯಿತು. ಭಾರತದ ಶಾಸನವು ದ್ವಿಪ್ರಜಾತ್ವವನ್ನು ಒಪ್ಪದಿರುವುದರಿಂದ ಭಾರತೀಯರಿಗೆ ಇದರಿಂದ ಪ್ರಯೋಜನವಿಲ್ಲ. ಮೂರೇ ವರ್ಷಗಳಲ್ಲಿ ಪಡೆಯುವ ವಿಶೇಷ ಮಾರ್ಗವೊಂದನ್ನು ಅದೇ ಶಾಸನವು ತೆರೆದಿತ್ತು. 2025ರ ಅಕ್ಟೋಬರಿನಲ್ಲಿ ಅದನ್ನು ಮುಚ್ಚಲಾಯಿತು.

ವಾಸದ ಅವಧಿ, ಭಾಷಾಪರೀಕ್ಷೆ, ಸಂಬಳದ ಲೆಕ್ಕ ಇವು ಯಾವುದನ್ನೂ ಕೇಳದ ಮಾರ್ಗವೂ ಒಂದುಂಟು. 1933ರ ಜನವರಿ 30ರಿಂದ 1945ರ ಮೇ 8ರ ವರೆಗೆ ರಾಜಕೀಯ, ಜನಾಂಗ ಅಥವಾ ಧರ್ಮದ ಕಾರಣದಿಂದ ಪ್ರಜಾತ್ವವನ್ನು ಕಳೆದುಕೊಂಡವರಿಗೂ ಅವರ ವಂಶದವರಿಗೂ, ಅವರು ಕೇಳಿದರೆ, ಅದನ್ನು ಮರಳಿ ಕೊಡತಕ್ಕದ್ದೆಂದು 1949ರ ಮೂಲಶಾಸನದ 116ನೆಯ ವಿಧಿಯು ಹೇಳುತ್ತದೆ. ಇಲ್ಲಿ ಬಳಸಿರುವ ಕ್ರಿಯಾಪದವು ಕೊಡಬಹುದೆಂದಲ್ಲ, ಕೊಡತಕ್ಕದ್ದೆಂದೇ ಇದೆ.