ಒಂಬತ್ತು ಚುಕ್ಕಿಯ ಬೀಗ ಎಷ್ಟು ಗಟ್ಟಿ?

ಪ್ರತಿಭಟನೆಗೆ ಹೋಗುವ ಗೆಳೆಯರು ಫೋನಲ್ಲಿ ಸಿಗ್ನಲ್ ಹಾಕ್ಕೊಂಡಿರ್ತಾರೆ, ಮೆಸೇಜ್ ತಾನಾಗೇ ಅಳಿಸಿಹೋಗೋ ಹಾಗೂ ಮಾಡಿರ್ತಾರೆ. ಸ್ಕ್ರೀನಿಗೆ ಮಾತ್ರ ಝಡ್ ಆಕಾರದ ಪ್ಯಾಟರ್ನ್. ಕೋಟೆ ಕಟ್ಟಿ ದಿಡ್ಡಿ ಬಾಗಿಲಿಗೆ ಅಗುಳಿ ಹಾಕದೆ ಬಿಟ್ಟ ಹಾಗೆ.

ಲೆಕ್ಕದಲ್ಲಿ ಈ ಬೀಗ ಚೆನ್ನಾಗೇ ಇದೆ. ಒಂಬತ್ತು ಚುಕ್ಕಿಗಳಲ್ಲಿ ಕನಿಷ್ಠ ನಾಲ್ಕನ್ನು ಸೇರಿಸಬೇಕು, ಒಂದು ಚುಕ್ಕಿಯನ್ನು ಎರಡು ಸಲ ಬಳಸುವಂತಿಲ್ಲ. ಹೀಗೆ ಒಟ್ಟು 3,89,112 ಪ್ಯಾಟರ್ನ್ ಸಾಧ್ಯ. ನಾಲ್ಕಂಕಿಯ ಪಿನ್‌ನಲ್ಲಿ ಸಿಗೋದು ಬರೀ 10,000. ಆದರೆ ನಾಲ್ಕೇ ಚುಕ್ಕಿಗೆ ನಿಲ್ಲಿಸಿದರೆ ಪ್ಯಾಟರ್ನ್ 1,624ಕ್ಕೆ ಇಳಿಯುತ್ತೆ.

ಜಿನನಾಥಪುರದಂಥ ನಮ್ಮ ಹಾಸನ ಕಡೆಯ ಊರುಗಳಲ್ಲಿ ಬೆಳಗ್ಗೆ ರಂಗೋಲಿ ಹಾಕೋರನ್ನ ನೋಡಿ. ಚುಕ್ಕಿ ಎಷ್ಟೇ ಇರಲಿ, ಕೈ ಹೋಗೋದು ರೂಢಿಯ ದಾರೀಲೇ. ಫೋನಲ್ಲೂ ಅಷ್ಟೆ. ನಾರ್ವೆಯ ಸಂಶೋಧಕಿ ಮಾರ್ಟೆ ಲೋಗೆ 2015ರಲ್ಲಿ ಸುಮಾರು 4,000 ಪ್ಯಾಟರ್ನ್ ಪರೀಕ್ಷಿಸಿದಾಗ 44% ಎಡ ಮೇಲ್ಮೂಲೆಯಿಂದಲೇ ಶುರುವಾಗಿದ್ದವು. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಅಕ್ಷರದ ಆಕಾರದಲ್ಲಿದ್ದವು. (ನಮ್ಮ ಗುಂಡು ಅಕ್ಷರ ಆ ಚೌಕಕ್ಕೆ ಕೂರಲ್ಲ. ಹಾಗಾಗಿ ಕನ್ನಡದವರೂ ಇಂಗ್ಲಿಷಿನ ಎಲ್, ಎನ್ ಎಳೀತಾರೆ ಅನ್ನೋದು ನನ್ನ ಊಹೆ.)

ಇದಕ್ಕಿಂತ ದೊಡ್ಡ ತೊಂದರೆ ಕಣ್ಣಿನದು. ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳದ ಬಸ್ಸಲ್ಲಿ ಪಕ್ಕದ ಸೀಟಿನವರ ಗೆರೆ ಬೇಡವೆಂದರೂ ಕಾಣುತ್ತೆ. ಅಮೆರಿಕದ 2017ರ ಅಧ್ಯಯನವೊಂದರಲ್ಲಿ, ಆರು ಚುಕ್ಕಿಯ ಪ್ಯಾಟರ್ನ್ ಒಮ್ಮೆ ನೋಡಿದವರಲ್ಲಿ 64% ಮಂದಿ ಅದನ್ನೇ ಎಳೆದು ತೋರಿಸಿದರು. ಆರಂಕಿಯ ಪಿನ್ ಹೇಳಿದವರು 11% ಅಷ್ಟೆ. ಗೆರೆ ಕಾಣದ ಹಾಗೆ ಮಾಡಿದಾಗ ಆ 64 ಸುಮಾರು 35ಕ್ಕೆ ಇಳಿಯಿತು. ಗಾಜಿನ ಮೇಲೆ ಉಳಿಯುವ ಬೆರಳಿನ ಜಿಡ್ಡಿಂದಲೂ ಪ್ಯಾಟರ್ನ್ ಪತ್ತೆ ಮಾಡಬಹುದು ಅಂತ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2010ರಲ್ಲೇ ತೋರಿಸಿದ್ದರು.

ಫೋನ್ ಪೊಲೀಸರ ಕೈಗೆ ಹೋದರೆ? 2021ರ ಮಾರ್ಚ್ 12ರಂದು ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್, ಪಾಸ್‌ವರ್ಡ್ ಅಥವಾ ಬೆರಳಚ್ಚು ಕೊಟ್ಟ ಮಾತ್ರಕ್ಕೆ ಅದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದ ಹಾಗಲ್ಲ ಎಂದಿತು. ಆದರೆ ನಾವಾಗಿ ಕೊಡದಿದ್ದರೆ, ತನಿಖಾಧಿಕಾರಿ ಸಾಮಾನ್ಯವಾಗಿ ಕೋರ್ಟಿನ ಆದೇಶ ತರಬೇಕು. ಆಮೇಲೂ ಕೊಡದಿದ್ದರೆ ಅದನ್ನು ನಮ್ಮ ವಿರುದ್ಧ ಪರಿಗಣಿಸಬಹುದು, ಬೀಗ ಮುರಿಯಲು ಅನುಮತಿಯನ್ನೂ ಕೊಡಬಹುದು.

ಈ ತೀರ್ಪು ನನಗಂತೂ ಒಪ್ಪಿಗೆಯಾಗಿಲ್ಲ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಸೆಲ್ವಿ ಪ್ರಕರಣದಲ್ಲಿ ಹೇಳಿತ್ತು, ಅದೂ ಕರ್ನಾಟಕದ್ದೇ. ಬೆರಳಚ್ಚು ಮೈಮೇಲಿರೋದು, ಸರಿ. ಪ್ಯಾಟರ್ನ್ ಇರೋದು ತಲೆಯೊಳಗೆ. ಎರಡನ್ನೂ ಒಂದೇ ತಕ್ಕಡೀಲಿ ಹೇಗೆ ತೂಗೋದು? ಆರೋಪಿಯನ್ನು ಪಾಸ್‌ವರ್ಡ್‌ಗೆ ಬಲವಂತಪಡಿಸುವಂತಿಲ್ಲ ಅಂತ ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿದೆ.

ವಾದ ಏನೇ ಇರಲಿ, ಕೋರ್ಟಿಗೆ ಹೋಗಿ ಕೇಳಿ ಎನ್ನುವ ಆ ಒಂದು ಹೆಜ್ಜೆ ನಮಗಿರುವ ರಕ್ಷಣೆ. ಠಾಣೆಯಲ್ಲೇ ಮೂರ್ನಾಲ್ಕು ಪ್ರಯತ್ನಕ್ಕೆ ಬೀಗ ತೆರೆದುಕೊಂಡರೆ ಆ ಹೆಜ್ಜೆ ಯಾರೂ ಇಡಲ್ಲ. ಆರಂಕಿಯ ಪಿನ್‌ಗೆ ಬದಲಾಯಿಸಿ, ಹುಟ್ಟಿದ ತಾರೀಖು ಬೇಡ. ಪ್ಯಾಟರ್ನೇ ಬೇಕು ಅಂದ್ರೆ ಸೆಟ್ಟಿಂಗ್ಸಲ್ಲಿ ಗೆರೆ ಕಾಣೋದನ್ನ ಆಫ್ ಮಾಡಿ. ಮೆರವಣಿಗೆಗೆ ಹೊರಡೋ ಮುಂಚೆ ಬೆರಳಚ್ಚನ್ನೂ ಆಫ್ ಮಾಡಿ. ಹಲವು ಆಂಡ್ರಾಯ್ಡ್ ಫೋನುಗಳ ಪವರ್ ಮೆನುವಿನಲ್ಲಿ ಅದಕ್ಕೇ 'ಲಾಕ್‌ಡೌನ್' ಅಂತ ಒಂದು ಆಯ್ಕೆ ಇದೆ.