ಆರು ಸೆಕೆಂಡಿಗೊಂದು ಉಸಿರು

ತಲೆಗೆ ಬಲವಾದ ಪೆಟ್ಟು ಬಿದ್ದವರಿಗೆ ಉಸಿರು ಕೊಡುವ ಆತುರವೇ ಅವರ ಮಿದುಳಿನ ಉಸಿರು ಕಟ್ಟಿಸಬಲ್ಲದು! ಇದನ್ನು ಮೊದಲ ಸಲ ಓದಿದಾಗ ನನಗೆ ನಂಬಲಾಗಲಿಲ್ಲ.

ಆಂಬುಲೆನ್ಸಿನೊಳಗೆ ಇಣುಕಿ ನೋಡಿ. ಸೈರನ್ ಕೂಗುತ್ತಿದೆ, ಗಾಡಿ ಕುಲುಕುತ್ತಿದೆ, ಪ್ರಜ್ಞೆ ತಪ್ಪಿದ ಗಾಯಾಳುವಿನ ಶ್ವಾಸನಾಳಕ್ಕೆ ಕೊಳವೆ ಹಾಕಿದೆ. ಪ್ಯಾರಾಮೆಡಿಕ್ ಕೈಯಲ್ಲಿ ಆಂಬು ಬ್ಯಾಗ್, ಒತ್ತಿದಾಗಲೆಲ್ಲ ಶ್ವಾಸಕೋಶಕ್ಕೆ ಗಾಳಿ ತುಂಬುವ ಚೀಲ. ಎದೆ ಡವಗುಟ್ಟುವಾಗ ಕೈ ನಿಧಾನವಾಗಿರುತ್ತದೆಯೇ? ಒತ್ತುತ್ತದೆ, ಮತ್ತೆ ಒತ್ತುತ್ತದೆ, ನಿಮಿಷಕ್ಕೆ ಇಪ್ಪತ್ತು ಸಲ, ಮೂವತ್ತು ಸಲ. ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರ್ ಆಮ್ಲಜನಕ ನೂರು ಎಂದು ತೋರಿಸುತ್ತದೆ. ಸದ್ಯ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಅತ್ತ ರಕ್ತದಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ಭರಭರನೆ ಹೊರಗೆ ಹೋಗುತ್ತಿರುತ್ತದೆ. ದೇಹದ ಕಸವೆಂದು ನಾವು ಭಾವಿಸುವ ಈ ಅನಿಲವೇ ಮಿದುಳಿನ ರಕ್ತನಾಳಗಳನ್ನು ತೆರೆದಿಡುವುದು! ಅದು ಒಂದು ಮಿಲಿಮೀಟರ್ ಪಾದರಸದಷ್ಟು ಇಳಿದರೂ ಮಿದುಳಿಗೆ ಹರಿಯುವ ರಕ್ತ ಸುಮಾರು ಶೇ 3ರಷ್ಟು ತಗ್ಗುತ್ತದೆ. ಕೆರೆ ತುಂಬಿದೆ, ಕಾಲುವೆ ಕಟ್ಟಿಕೊಂಡಿದೆ. ದೇಹದ ತೂಕದಲ್ಲಿ ಬರೀ ಶೇ 2ರಷ್ಟಿದ್ದರೂ ಆಮ್ಲಜನಕದಲ್ಲಿ ಶೇ 20ರಷ್ಟನ್ನು ಬೇಡುವ ಮಿದುಳು, ಅದೂ ಪೆಟ್ಟು ತಿಂದ ಮಿದುಳು, ಎಷ್ಟು ಹೊತ್ತು ತಾಳೀತು?

ಹಿಂದೆ ವೈದ್ಯರು ಬೇಕೆಂದೇ ಹೀಗೆ ವೇಗವಾಗಿ ಉಸಿರು ಕೊಡುತ್ತಿದ್ದರು. ರಕ್ತನಾಳ ಕುಗ್ಗಿದರೆ ಬಾತ ಮಿದುಳಿನ ಒತ್ತಡ ಇಳಿಯುತ್ತದಲ್ಲ! 1991ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ, ಮುಂಜಾಗ್ರತೆಯೆಂದು ಎಲ್ಲರಿಗೂ ಹೀಗೆ ಮಾಡಿದರೆ ಚೇತರಿಕೆ ಕೆಡುತ್ತದೆ ಎಂದು ತೋರಿಸಿತು. 1993ರಲ್ಲಿ ಇನ್ನೊಂದು ಬೆಚ್ಚಿಬೀಳಿಸುವ ಸಂಗತಿ: 717 ಗಾಯಾಳುಗಳ ದಾಖಲೆಗಳಲ್ಲಿ, ರಕ್ತದೊತ್ತಡದ ಮೇಲಿನ ಅಂಕಿ ಒಂದೇ ಒಂದು ಸಲ 90ಕ್ಕಿಂತ ಕೆಳಗಿಳಿದವರಲ್ಲೂ ಸಾವು ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು.

ಹಾಗಾದರೆ ಆಸ್ಪತ್ರೆ ಬಾಗಿಲು ತಲುಪುವ ಮೊದಲೇ ಇವೆಲ್ಲವನ್ನೂ ತಡೆದರೆ? ಅಮೆರಿಕದ ಅರಿಜೋನಾದಲ್ಲಿ ವೈದ್ಯರಾದ ಡಾನ್ ಸ್ಪೇಟ್, ಬೆನ್ ಬೊಬ್ರೊ ಮತ್ತು ಸಂಗಡಿಗರು ಇಡೀ ರಾಜ್ಯದಲ್ಲೇ ಇದನ್ನು ಮಾಡಿ ನೋಡಿದರು. ಯೋಜನೆಯ ಹೆಸರು ‘ಎಪಿಕ್’. ಹೊಸ ಔಷಧವಿಲ್ಲ, ಕೋಟಿಗಟ್ಟಲೆ ಬೆಲೆಯ ಯಂತ್ರವಿಲ್ಲ. ಆಕ್ಸಿಮೀಟರಿನ ಅಂಕಿ ಇಳಿಯುವ ತನಕ ಕಾಯದೆ ಮೊದಲೇ ಆಮ್ಲಜನಕ, ರಕ್ತದೊತ್ತಡ ಕುಸಿಯದಂತೆ ಸಲೈನ್, ದೊಡ್ಡವರಿಗೆ ನಿಮಿಷಕ್ಕೆ ಹತ್ತೇ ಉಸಿರು. ಭಯಕ್ಕೆ ಕೈ ಓಡದಿರಲೆಂದು ಮಿನುಗುವ ಪುಟ್ಟ ದೀಪವೊಂದನ್ನೂ ಕೊಟ್ಟರು. ದೀಪ ಮಿನುಗಿದಾಗ ಒಮ್ಮೆ ಒತ್ತು, ಮತ್ತೆ ಮಿನುಗುವವರೆಗೆ ಕೈ ತಡೆ. ಗಾಬರಿಯ ನಡುವೆ ಆರು ಸೆಕೆಂಡು ಕಾಯುವುದು ಸುಲಭವಲ್ಲ. ಸಾವಿರಾರು ಆಂಬುಲೆನ್ಸ್ ಸಿಬ್ಬಂದಿ ಅದನ್ನೇ ಕಲಿತರು.

2019ರಲ್ಲಿ ಫಲಿತಾಂಶ ಬಂತು. ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಗಾಯಾಳುಗಳ ಲೆಕ್ಕ. ಒಟ್ಟಾರೆ ಬದುಕುಳಿದವರ ಪ್ರಮಾಣ ಏರಲಿಲ್ಲ, ಅದನ್ನು ಮುಚ್ಚಿಡಬಾರದು. ಪೆಟ್ಟು ಅಷ್ಟೇನೂ ಜೋರಿಲ್ಲದವರು ಬಹುತೇಕ ಹೇಗಿದ್ದರೂ ಬದುಕುತ್ತಾರೆ, ಅತಿ ಭೀಕರವಾಗಿ ಗಾಯಗೊಂಡವರಲ್ಲಿ ಈ ಕ್ರಮಗಳಿಂದ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರ ನಡುವಿನವರು, ತೀವ್ರ ಪೆಟ್ಟಾಗಿಯೂ ಕೈಮೀರದವರು? ಅವರು ಬದುಕುಳಿಯುವ ಸಾಧ್ಯತೆ ಎರಡು ಪಟ್ಟಾಗಿತ್ತು! ಅವರಲ್ಲೂ ಕೊಳವೆ ಹಾಕಿಸಿಕೊಂಡವರಿಗೆ, ಅಂದರೆ ಪ್ರತಿ ಉಸಿರಿಗೂ ಇನ್ನೊಬ್ಬರ ಕೈಯನ್ನೇ ನಂಬಿದ್ದವರಿಗೆ, ಮೂರು ಪಟ್ಟು.