ಪೆಟ್ಟು ತಲೆಗೆ, ಬಿಗಿತ ಕೈಕಾಲಿಗೆ



ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆ ಅಡಿಕೆ ಗೊನೆ ಇಳಿಸುವ ದಿನಗಳು ಬಂದರೆ ನಮಗೆ ಅಳುಕು. ಮರದಿಂದ ಬಿದ್ದವನ ಪ್ರಾಣ ಉಳಿದರೆ ನಂಜುಂಡ ಕಾಪಾಡಿದ ಎನ್ನುತ್ತೇವೆ. ಆದರೆ ಪ್ರಾಣ ಉಳಿದ ಮೇಲೆ ಕೈಕಾಲು ಉಳಿಸಿಕೊಳ್ಳುವ ಕೆಲಸ ಬಹುಪಾಲು ಮನೆಯವರದು.

ನಮ್ಮ ಚಿಕ್ಕಪ್ಪನ ಮಗ ಹೀಗೆ ಬಿದ್ದಾಗ, ‘ಅಲುಗಾಡಿಸುವುದು ಬೇಡ, ಮಲಗಿರಲಿ’ ಎಂದು ಒಂದು ತಿಂಗಳು ಸುಮ್ಮನಿದ್ದೆವು. ಮೊಣಕೈ ಮಡಿಚಿ ಎದೆಗೆ ಅಂಟಿತು; ಪಾದ ಕೆಳಮುಖವಾಗಿ ಸೆಟೆದು ನಿಂತಿತು. ಯಾರೋ ಬಂದು ಬಿಸಿ ಎಣ್ಣೆ ಹಚ್ಚಿ ಕೈಯನ್ನು ಜಗ್ಗಿದರು. ಮರುದಿನ ಮೊಣಕೈ ಬಾತುಕೊಂಡಿತು.

ಮೂಳೆ ಮುರಿಯದಿದ್ದರೂ ಕೀಲು ಬಿಗಿಯುವುದೇಕೆ? ಸ್ನಾಯು ಬಿಗಿಯುವುದಕ್ಕೂ ಸಡಿಲವಾಗುವುದಕ್ಕೂ ಮಿದುಳಿನ ಹತೋಟಿ ಬೇಕು. ಪೆಟ್ಟಿನಿಂದ ಆ ಹತೋಟಿ ತಪ್ಪಿದರೆ ಸ್ನಾಯು ಬಿಗಿದೇ ಇರುತ್ತದೆ. ಹಾಗೇ ಬಿಟ್ಟರೆ ಕೆಲವೇ ವಾರಗಳಲ್ಲಿ ಗಿಡ್ಡವಾಗುತ್ತದೆ. ಕೆಲವರಿಗೆ ಕೀಲಿನ ಸುತ್ತಲ ಮೃದು ಭಾಗದಲ್ಲಿ ಹೊಸ ಮೂಳೆಯೇ ಬೆಳೆಯುವುದುಂಟು. ಆದ್ದರಿಂದ ಬಾವು, ಬಿಸಿ, ಹೆಚ್ಚುವ ನೋವು ಕಂಡರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಬಲವಂತ ಸಲ್ಲದು.

ಮನೆಯವರು ಫಿಜಿಯೋಥೆರಪಿ ಬಲ್ಲವರ ಎದುರಿಗೇ ಮಾಡಿ ಕಲಿಯಬೇಕಾದವು ಇವು:

1. ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದು.

2. ಮಲಗಿದಾಗ ಬೆರಳು, ಮಣಿಕಟ್ಟು ಮಡಿಚಿಕೊಳ್ಳದಂತೆ, ಪಾದ ಕೆಳಕ್ಕೆ ಇಳಿಬೀಳದಂತೆ ಆನಿಸಿಡುವುದು.

3. ಪ್ರತಿ ಕೀಲನ್ನೂ ದಿನವೂ ನಿಧಾನವಾಗಿ, ನೋವಾಗದಷ್ಟು ಮಾತ್ರ ಆಡಿಸುವುದು.

4. ಬಲ ಕುಂದಿದ ಕೈ ಹಿಡಿದು ಎಳೆದು ರೋಗಿಯನ್ನು ಎಬ್ಬಿಸದಿರುವುದು. ಭುಜದ ಕೀಲು ಜಾರೀತು.

5. ವೈದ್ಯರು ಒಪ್ಪಿದೊಡನೆ ಕೂರಿಸುವುದು, ನಿಲ್ಲಿಸುವುದು, ಲೋಟ ಹಿಡಿಸುವುದು.

ಕೊನೆಯದು ಬಹು ಮುಖ್ಯ. ಬೇರೆಯವರು ಕೀಲನ್ನು ಎಳೆದು ಹಿಡಿಯುವುದರಿಂದ ಮಾತ್ರ ಹೇಳಿಕೊಳ್ಳುವಂಥ ಲಾಭವಿಲ್ಲವೆಂದು 2017ರ ಕೊಕ್ರೇನ್ ಪರಿಶೀಲನೆಯೂ ಹೇಳಿದೆ. ರೋಗಿ ತಾನೇ ಮಾಡುವ ಕೆಲಸಕ್ಕೆ ಬೆಲೆ ಹೆಚ್ಚು. ಬಿಗಿತ ಬಹಳವಾದರೆ ಬ್ಯಾಕ್ಲೊಫೆನ್ ಮಾತ್ರೆ, ಬೊಟುಲಿನಮ್ ಚುಚ್ಚುಮದ್ದು, ಪಟ್ಟಿಕಟ್ಟು ಇವೆ; ಅವು ವೈದ್ಯರ ತೀರ್ಮಾನ.

ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ, ಅಲ್ಲಿಂದ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ವಿಚಾರಿಸಿರಿ. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ವಿಭಾಗವಿದೆ. ಮಾತು ತೊದಲಿದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಿದೆ.

ನಮ್ಮ ಹುಡುಗನ ಮೊಣಕೈ ಇಂದಿಗೂ ಪೂರ್ತಿ ನೇರವಾಗಿಲ್ಲ. ಆದರೂ ಕಾಫಿ ಲೋಟ ತಾನೇ ಎತ್ತುತ್ತಾನೆ, ಕೋಲೂರಿ ತೋಟದ ಬೇಲಿಯವರೆಗೆ ಬರುತ್ತಾನೆ. ಆ ಮೊದಲ ತಿಂಗಳನ್ನು ನಾವು ತಿಳಿಯದೆ ಕಳೆದೆವು. ನೀವು ಕಳೆಯಬೇಡಿರಿ.